ಬೇಜಾರಿಗೆ ಆರರಲ್ಲಿ ಎಷ್ಟು?

ಪುಸ್ತಕಕ್ಕೆ ವಿಮರ್ಶೆ ಬರುತ್ತೆ, ಸಿನಿಮಾಕ್ಕೆ ಬರುತ್ತೆ, ಈಗೀಗ ದರ್ಶಿನಿಯ ಮಸಾಲೆ ದೋಸೆಗೂ ಬರುತ್ತೆ. ಫಾರ್ಮಿಗೆ ಮಾತ್ರ ಯಾರೂ ವಿಮರ್ಶೆ ಬರೆಯೋದಿಲ್ಲ. ಬ್ಯಾಂಕಿನ ಫಾರ್ಮು, ರೇಷನ್ ಕಾರ್ಡಿನ ಫಾರ್ಮು, ಆಸ್ಪತ್ರೆಯ ಫಾರ್ಮು – ಕೇಳಿದ್ದನ್ನು ತುಂಬಿಸಿ, ಸಹಿ ಹಾಕಿ ಕೊಟ್ಟು ಬರ್ತೀವಿ. ಅದು ಯಾರ ಭಾಷೆಯಲ್ಲಿ ಮಾತಾಡ್ತಿದೆ, ಯಾರನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು ಅಂತ ಯೋಚಿಸೋದಿಲ್ಲ. ಇವತ್ತು ಅಂಥ ಒಂದು ಫಾರ್ಮನ್ನು ಕಥಾ ಸಂಕಲನ ಓದುವಷ್ಟೇ ನಿಧಾನವಾಗಿ ಓದೋಣ ಅಂತಿದ್ದೇನೆ.

ಫಾರ್ಮಿನ ಹೆಸರು ‘ಡೈಲಿ ರೆಕಾರ್ಡ್ ಆಫ್ ಸಿವಿಯಾರಿಟಿ ಆಫ್ ಪ್ರಾಬ್ಲಮ್ಸ್’, ಚಿಕ್ಕದಾಗಿ ಡಿಆರ್‌ಎಸ್‌ಪಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಗೂ ಮನಸ್ಸಿಗೂ ಆಗುವ ತೊಂದರೆಗಳನ್ನು ಹೆಂಗಸರು ದಿನಾ ಬರೆದಿಡಬೇಕಾದ ದಿನಚರಿ ಇದು. ಅಮೆರಿಕದ ಜೀನ್ ಎಂಡಿಕಾಟ್ ಮತ್ತು ಸಂಗಡಿಗರು ರೂಪಿಸಿದ್ದು. ಇದರಲ್ಲಿ 11 ಗುಂಪುಗಳಲ್ಲಿ 21 ಲಕ್ಷಣಗಳಿವೆ: ದುಃಖ, ಆತಂಕ, ಸಿಡುಕು, ನಿದ್ದೆ, ಹಸಿವು, ಎದೆನೋವು, ತಲೆನೋವು ಹೀಗೆ. ಕೊನೆಗೆ ಇನ್ನೂ 3 ಪ್ರಶ್ನೆಗಳು: ಇದರಿಂದ ಕೆಲಸ ಕೆಟ್ಟಿತಾ, ಹವ್ಯಾಸ–ಓಡಾಟ ನಿಂತಿತಾ, ಜನರ ಜೊತೆಗಿನ ಸಂಬಂಧ ಹದಗೆಟ್ಟಿತಾ. ಪ್ರತಿಯೊಂದಕ್ಕೂ ದಿನಾ ರಾತ್ರಿ 1ರಿಂದ 6ರೊಳಗೆ ಒಂದು ಅಂಕ. ಕಮ್ಮಿ ಅಂದ್ರೂ ಎರಡು ಋತುಚಕ್ರ ಮುಗಿಯುವ ತನಕ ಬರೆಯಬೇಕು.

ಇಷ್ಟು ಕಷ್ಟ ಯಾಕೆ? ಡಾಕ್ಟರು ಒಂದು ಸಲ ಕೇಳಿ ಬರೆದುಕೊಂಡರೆ ಸಾಲದಾ? ಸಾಲದು. ನಮ್ಮ ನೆನಪು ಬಲು ಪಕ್ಷಪಾತಿ. ಮುಟ್ಟಾದ ಮೇಲೆ ‘ಓ, ಅದಕ್ಕೇ ಮೊನ್ನೆ ಅಷ್ಟು ಸಿಟ್ಟು ಬಂದಿತ್ತು’ ಅಂತ ಎಲ್ಲವನ್ನೂ ಆ ಲೆಕ್ಕಕ್ಕೆ ಬರೆದುಬಿಡುತ್ತೆ. ಮುಟ್ಟಿನ ಮುಂಚಿನ ತೊಂದರೆ ಬದುಕನ್ನೇ ಅಲ್ಲಾಡಿಸುವಷ್ಟು ಜೋರಾಗಿದ್ದರೆ ಅದಕ್ಕೆ ಪಿಎಂಡಿಡಿ ಅಂತ ಬೇರೆ ಹೆಸರಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಅದನ್ನು ಖಿನ್ನತೆಯ ಕಾಯಿಲೆಗಳ ಸಾಲಿಗೆ ಸೇರಿಸಿತು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2024ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ತೆಗೆದ ಲೆಕ್ಕ ನೋಡಿ: ದಿನಚರಿ ಇಲ್ಲದೆ ತಾತ್ಕಾಲಿಕವಾಗಿ ಗುರುತಿಸಿದಾಗ ನೂರಕ್ಕೆ 7.7 ಹೆಂಗಸರಲ್ಲಿ ಪಿಎಂಡಿಡಿ, ದಿನದಿನದ ದಾಖಲೆಯಿಂದ ಖಚಿತ ಮಾಡಿದಾಗ 3.2. ಅರ್ಧಕ್ಕಿಂತ ಕಮ್ಮಿ.

ಹಾಗಾದರೆ ಉಳಿದವರು ಸುಳ್ಳು ಹೇಳಿದರು ಅಂತಲ್ಲ. ಅವರ ಸಂಕಟಕ್ಕೆ ಕಾರಣ ಬೇರೆ ಇರಬಹುದು ಅಂತ. ತಿಂಗಳಿಡೀ ಇರುವ ಖಿನ್ನತೆ ಇರಬಹುದು, ಥೈರಾಯ್ಡ್ ಇರಬಹುದು, ಮನೆಯಲ್ಲಿರುವ ಮನುಷ್ಯನೇ ಕಾರಣ ಇರಬಹುದು. ಈ ದಿನಚರಿಯ ದೊಡ್ಡ ಗುಣ ಇದೇ. ‘ಎಲ್ಲಾ ನಿನ್ನ ಮನಸ್ಸಿನ ಭ್ರಮೆ’ ಅನ್ನುವವರಿಗೂ ಅದು ಉತ್ತರ ಕೊಡುತ್ತೆ, ‘ಇವಳಿಗೆ ಸಿಟ್ಟು ಬಂದರೆ ಅದೇ ಟೈಮು ಬಿಡು’ ಅನ್ನುವವರಿಗೂ ಕೊಡುತ್ತೆ. ಆಫೀಸಿನಲ್ಲಿ ಪಿಎಂಎಸ್ ಅನ್ನೋದು ಬೈಗುಳವಾಗಿ, ಜೋಕಾಗಿ ಓಡಾಡುವ ಈ ಕಾಲದಲ್ಲಿ ಹೆಂಗಸಿನ ಕೈಯಲ್ಲಿ ಅವಳದೇ ಅಂಕಿಗಳಿರೋದು ಸಣ್ಣ ಮಾತಲ್ಲ. ಆದರೆ ಒಂದು ಷರತ್ತಿದೆ. ಫಾರ್ಮು ಕೇಳುವ ಪ್ರಶ್ನೆ ಅವಳಿಗೆ ಅರ್ಥ ಆಗಬೇಕು.

ಜಪಾನಿನವರು ಈ ಷರತ್ತನ್ನು ಗಂಭೀರವಾಗಿ ತಗೊಂಡರು. ಅಲ್ಲಿ ನೆನಪಿನಿಂದ ತುಂಬಿಸುವ ಪ್ರಶ್ನಾವಳಿ ಮೊದಲೇ ಬಳಕೆಯಲ್ಲಿತ್ತು. ಅದು ಸಾಲದು ಅಂತ ಕ್ಯೋಟೋ ವಿಶ್ವವಿದ್ಯಾಲಯದ ಸ್ತ್ರೀರೋಗ ತಜ್ಞರ ತಂಡ ಡಿಆರ್‌ಎಸ್‌ಪಿಯನ್ನು ಜಪಾನೀ ಭಾಷೆಗೆ ಹೊಂದಿಸಿ 2020ರಲ್ಲಿ ಪ್ರಕಟಿಸಿತು. ಇಂಥ ಕೆಲಸಕ್ಕೆ ಒಂದು ಶಿಸ್ತಿದೆ. ಮೊದಲು ಮೂಲದಿಂದ ಅನುವಾದ. ಆಮೇಲೆ ಮೂಲವನ್ನು ನೋಡದ ಇನ್ನೊಬ್ಬರು ಆ ಅನುವಾದವನ್ನು ವಾಪಸ್ ಇಂಗ್ಲಿಷಿಗೆ ತರ್ತಾರೆ. ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಅರ್ಥ ಜಾರಿತು ಅಂತ ಹುಡುಕ್ತಾರೆ. ಆಮೇಲೆ ನಿಜವಾದ ಹೆಂಗಸರ ಕೈಗೆ ಕೊಟ್ಟು, ‘ಈ ಸಾಲು ಓದಿದಾಗ ನಿಮಗೆ ಏನು ಅನ್ನಿಸಿತು’ ಅಂತ ಕೇಳ್ತಾರೆ. ಕೊನೆಗೆ ಅಂಕಿಗಳು ಒಂದಕ್ಕೊಂದು ಹೊಂದುತ್ತವಾ ಅಂತ ಪರೀಕ್ಷೆ.

ನಾನು ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್ ಕೆಲಸ, ಅದರಲ್ಲೂ ಸ್ಕ್ರೀನಿನ ಮೇಲಿನ ಮಾತುಗಳನ್ನು ಹತ್ತು ಭಾಷೆಗೆ ಹೊಂದಿಸುವ ಕೆಲಸ. ಜಪಾನೀ ತಂಡದವರು ಒಂದು ಬಟನ್ನಿನ ಮೇಲಿನ ಪದಕ್ಕೆ ಎರಡು ವಾರ ಜಗಳ ಆಡಿದ್ದನ್ನು ಕಂಡಿದ್ದೇನೆ. ಕನ್ನಡದ ಫೈಲು ಯಾರ ಜಗಳವೂ ಇಲ್ಲದೆ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗುತ್ತೆ. ಮೆಷಿನ್ ಅನುವಾದ ಮಾಡುತ್ತೆ, ಒಬ್ಬರು ಕಣ್ಣಾಡಿಸ್ತಾರೆ, ಬಿಡುಗಡೆ. ಅದಕ್ಕೇ ಈ ದಿನಚರಿಯನ್ನು ಕನ್ನಡಕ್ಕೆ ತರುವುದಾದರೆ ಎಲ್ಲೆಲ್ಲಿ ಜಗಳ ಆಡಬೇಕು ಅಂತ ಒಂದು ಪಟ್ಟಿ ಮಾಡುವ ಆಸೆಯಾಯ್ತು. ಊರಿಗೆ ಫೋನ್ ಮಾಡಿ, 24 ಸಾಲುಗಳನ್ನೂ ಅತ್ತಿಗೆಗೆ ಓದಿ ಹೇಳಿದೆ. ನಮ್ಮೂರು ಕಡಹಿನಬೈಲು, ನರಸಿಂಹರಾಜಪುರದ ಕಡೆ. ಅತ್ತಿಗೆ ಪಿಯುಸಿ ಓದಿದವರು, ಅಡಿಕೆ ಮನೆಯ ಲೆಕ್ಕ ಇಟ್ಟವರು, ಮಾತಿನಲ್ಲಿ ಜೋರು.

ಮೊದಲನೇ ಸಾಲಿಗೇ ಜಗಳ ಶುರು. ಅದು ಕೇಳೋದು ದುಃಖ, ಮಂಕು ಇತ್ತಾ ಅಂತ. ಅತ್ತಿಗೆ ‘ಹೂಂ, ಬೇಜಾರಿರ್ತದೆ’ ಅಂದರು. ಸಣ್ಣ ಮಾತಿಗೂ ಮನಸ್ಸಿಗೆ ನೋವಾಯಿತಾ ಅನ್ನೋದಕ್ಕೂ ‘ಬೇಜಾರಾಗ್ತದೆ’. ಕೆಲಸ, ಗೆಳೆತನದಲ್ಲಿ ಆಸಕ್ತಿ ಕಮ್ಮಿಯಾಯಿತಾ? ‘ಯಾವುದೂ ಬೇಡ ಅನ್ನಿಸಿ ಬೇಜಾರು.’ ಸಿಟ್ಟು, ಸಿಡುಕು? ‘ಅದೂ ಬೇಜಾರೇ ಮಾರಾಯ್ತಿ.’ ನಾಲ್ಕು ಬೇರೆ ಬೇರೆ ಲಕ್ಷಣ, ಫಾರ್ಮಿನಲ್ಲಿ ನಾಲ್ಕು ಬೇರೆ ಬೇರೆ ಸಾಲು, ಕನ್ನಡದಲ್ಲಿ ಒಂದೇ ಪದ. ಇದನ್ನು ವಾಪಸ್ ಇಂಗ್ಲಿಷಿಗೆ ತಂದು ನೋಡಿ, ‘ಬೋರ್ ಆಗಿತ್ತು’ ಅಂತ ಬಂದರೂ ಬಂತು. ಸಾಯಬೇಕು ಅನ್ನಿಸುವಷ್ಟು ಮಂಕು ಕವಿದವಳ ಮಾತು ಡಾಕ್ಟರ ಮೇಜಿಗೆ ತಲುಪುವಾಗ ಭಾನುವಾರ ಮಧ್ಯಾಹ್ನದ ಬೋರ್ ಆಗಿರುತ್ತೆ.

ಹಾಗಂತ ಕನ್ನಡ ಬಡವಿ ಅಂತ ತೀರ್ಮಾನಕ್ಕೆ ಬರಬೇಡಿ. ‘ಬೇಜಾರು ಅಂದ್ರೆ ಹೇಗೆ ಅತ್ತಿಗೆ, ಬಿಡಿಸಿ ಹೇಳಿ’ ಅಂದಾಗ ಪದಗಳು ಒಂದೊಂದಾಗಿ ಬಂದವು. ಮಂಕು ಕವಿದ ಹಾಗೆ. ಎದೆ ಮೇಲೆ ಕಲ್ಲು ಇಟ್ಟ ಹಾಗೆ. ಯಾರಾದರೂ ಹೆಸರು ಹಿಡಿದು ಕರೆದರೂ ರೇಗುವ ಹಾಗೆ. ಸುಮ್ಮನೆ ಅಳು ಬರುವ ಹಾಗೆ. ಬೇಜಾರು ಅನ್ನೋದು ಬಾಗಿಲು ಮಾತ್ರ. ಒಳಗೆ ಕೋಣೆಗಳು ಬೇಕಾದಷ್ಟಿವೆ. ಅನುವಾದ ಮಾಡುವವರು ಬಾಗಿಲಿನಲ್ಲೇ ನಿಂತು ವಾಪಸ್ ಬರ್ತಾರೆ, ಅಷ್ಟೇ.

ಬಾಗಿಲು ಬೇಡ ಅಂದವರು ಸೀದಾ ನಿಘಂಟಿಗೆ ಹೋಗ್ತಾರೆ. ಅದು ಇನ್ನೊಂದು ಅನಾಹುತ. ಮುಟ್ಟಿನ ಲೆಕ್ಕ ಇಡುವ ಒಂದು ಆಪ್‌ನ ಕನ್ನಡದಲ್ಲಿ ‘ಸ್ತನಗಳ ಮೃದುತ್ವ’ ಅಂತ ಕಂಡೆ. ಮುಟ್ಟಿದರೆ ನೋಯುತ್ತೆ ಅನ್ನುವ ಅರ್ಥದ ಇಂಗ್ಲಿಷ್ ಪದ ಇಲ್ಲಿ ಬೆಣ್ಣೆಯ ಹಾಗೆ ಮೆತ್ತಗಾಗಿದೆ. ಯಾವುದಾದರೂ ತಿಂಡಿಯನ್ನೇ ತಿನ್ನಬೇಕು ಅನ್ನಿಸುವುದಕ್ಕೆ ‘ನಿರ್ದಿಷ್ಟ ಆಹಾರಗಳ ಬಯಕೆ’. ಬಯಕೆ ಅಂದರೆ ನಮ್ಮ ಕಡೆ ಬಸುರಿಯ ಬಯಕೆ. ಅತ್ತಿಗೆ ಇದನ್ನು ಕೇಳಿ ಐದು ನಿಮಿಷ ನಕ್ಕರು. ಮುಟ್ಟಿನ ದಿನಚರಿಯಲ್ಲಿ ‘ಬಯಕೆ ಇತ್ತಾ’ ಅಂತ ಕೇಳಿದರೆ ಏನು ಹೇಳೋದು! ‘ಭಾವನಾತ್ಮಕ ಏರಿಳಿತ’, ‘ಏಕಾಗ್ರತೆಯ ಕೊರತೆ’, ‘ನಿಯಂತ್ರಣ ತಪ್ಪಿದ ಅನುಭವ’ – ಇವುಗಳನ್ನು ಯಾವ ಹೆಂಗಸೂ ಯಾವತ್ತೂ ಇನ್ನೊಬ್ಬ ಹೆಂಗಸಿಗೆ ಹೇಳಿಲ್ಲ. ಪರೀಕ್ಷೆಯ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಜನ ಪರೀಕ್ಷೆಗೆ ಬರೆದ ಹಾಗೆಯೇ ಉತ್ತರ ಕೊಡ್ತಾರೆ. ಸರಿ ಉತ್ತರ ಯಾವುದಿರಬಹುದು ಅಂತ ಊಹೆ ಮಾಡಿ.

ಇಲ್ಲಿ ನಮಗೆ ಜಪಾನೀ ಭಾಷೆ ಇಂಗ್ಲಿಷಿಗಿಂತ ಹತ್ತಿರದ ನೆಂಟಳಾಗಬಹುದು. ಅವರಲ್ಲಿ ಒಂದೇ ಸದ್ದನ್ನು ಎರಡು ಸಲ ಹೇಳಿ ಮೈಮನಸ್ಸಿನ ಸ್ಥಿತಿ ಹೇಳುವ ಪದಗಳು ರಾಶಿ ರಾಶಿ. ಸಿಡುಕಿಗೆ ‘ಇರಾಇರಾ’. ತಲೆ ಸಿಡಿಯುವುದಕ್ಕೆ ‘ಝುಕಿಝುಕಿ’. ಹೊಟ್ಟೆ ತೊಳೆಸುವುದಕ್ಕೆ ‘ಮುಕಾಮುಕಾ’. ಮುಟ್ಟಿನ ಮುಂಚಿನ ಸಿಡುಕಿನ ಬಗ್ಗೆ ಮಾತಾಡುವಾಗ ‘ಇರಾಇರಾ’ ಅನ್ನೋದು ಅಲ್ಲಿನ ಮನೆಮಾತು. ನಮ್ಮಲ್ಲೂ ಇದೇ ಅಲ್ವಾ? ಕಿರಿಕಿರಿ, ತಳಮಳ, ಕಸಿವಿಸಿ, ಚಡಪಡ, ಎದೆ ಡವಡವ. ‘ಆತಂಕ, ಉದ್ವೇಗ, ಒತ್ತಡ’ ಅಂತ ಮೂರು ಪುಸ್ತಕದ ಪದ ಸಾಲಾಗಿ ನಿಲ್ಲಿಸುವ ಬದಲು ‘ಕೂತಲ್ಲಿ ಕೂರಕ್ಕಾಗದೆ ಚಡಪಡಿಸಿದಿರಾ?’ ಅಂತ ಕೇಳಿ ನೋಡಿ. ಕೊಪ್ಪದವಳಿಗೂ ಗೊತ್ತಾಗುತ್ತೆ, ಕೊಪ್ಪಳದವಳಿಗೂ ಗೊತ್ತಾಗುತ್ತೆ.

ಪದ ಆಯ್ತು, ಇನ್ನು ಅಂಕ. 1 ಅಂದರೆ ಇಲ್ಲವೇ ಇಲ್ಲ, 6 ಅಂದರೆ ವಿಪರೀತ. ನಡುವಿನ ನಾಲ್ಕಕ್ಕೆ ಸರ್ಕಾರಿ ಕನ್ನಡದಲ್ಲಿ ಕನಿಷ್ಠ, ಅಲ್ಪ, ಮಧ್ಯಮ, ತೀವ್ರ ಅಂತ ಬರಬಹುದು. ಕನಿಷ್ಠ ದೊಡ್ಡದೋ ಅಲ್ಪ ದೊಡ್ಡದೋ? ಸುಲಭ ಮಾಡ್ತೀನಿ ಅಂತ ‘ಸುಮಾರು’ ಅಂತ ಹಾಕಿದರೆ ಇನ್ನೂ ಕಷ್ಟ. ‘ಸುಮಾರಿದೆ’ ಅಂದರೆ ಅಷ್ಟಕ್ಕಷ್ಟೆ ಅಂತಲೂ ಆಗುತ್ತೆ, ‘ಸುಮಾರು ಜನ ಬಂದಿದ್ರು’ ಅಂದರೆ ತುಂಬಾ ಅಂತಲೂ ಆಗುತ್ತೆ. ಇದೆಲ್ಲದರ ಮೇಲೆ ನಮ್ಮ ಹೆಂಗಸರ ‘ಎಂಥದೂ ಇಲ್ಲ’ ಅನ್ನುವ ಅಭ್ಯಾಸ. ಜ್ವರ ಬಂದು ಮೈ ಸುಡ್ತಿದ್ದರೂ ಮೊದಲ ಉತ್ತರ ‘ಎಂಥದೂ ಇಲ್ಲ, ಸ್ವಲ್ಪ ಸುಸ್ತು’. ಹಾಗಾಗಿ ಅಂಕದ ಪಕ್ಕ ವಿಶೇಷಣ ಬೇಡ, ಕೆಲಸ ಬೇಕು. ‘ನೆನಪು ಮಾಡಿಕೊಂಡರೆ ಮಾತ್ರ ಗೊತ್ತಾಗುವಷ್ಟು’ ಒಂದು ಅಂಕ, ‘ಕೆಲಸ ಮಾಡಿದೆ, ಆದರೆ ಕಷ್ಟಪಟ್ಟು’ ಇನ್ನೊಂದು, ‘ಮಾಡಲಾಗದೆ ಬಿಟ್ಟೆ’ ಮತ್ತೊಂದು.

ಕೆಲಸ ಅಂದಾಗ ಆ ಕೊನೆಯ ಮೂರು ಪ್ರಶ್ನೆಗಳಿಗೆ ಬರಬೇಕು. ನನ್ನ ದೃಷ್ಟಿಯಲ್ಲಿ ಈ ಫಾರ್ಮಿನ ಅತ್ಯಂತ ಅಮೆರಿಕನ್ ಭಾಗ ಇದೇ. ಕೆಲಸದ ಪ್ರಶ್ನೆಗೆ ಕಡಹಿನಬೈಲಿನಲ್ಲಿ ಉತ್ತರ ಬೆಂಗಳೂರಿಗಿಂತ ಖಚಿತವಾಗಿ ಸಿಗುತ್ತೆ. ಕೊನೆ ಕೊಯ್ಲಿನ ಕಾಲದಲ್ಲಿ ಲೆಕ್ಕಕ್ಕೆ ಅಡಿಕೆ ಸುಲಿಯುವವಳಿಗೆ ಇವತ್ತು ಎಷ್ಟು ಡಬ್ಬ ಸುಲಿದೆ, ನಿನ್ನೆ ಎಷ್ಟು ಅಂತ ಬೆರಳ ತುದಿಯಲ್ಲಿರುತ್ತೆ. ಅವಳ ಹತ್ತಿರ ‘ಉತ್ಪಾದಕತೆ ಕುಸಿಯಿತೇ’ ಅಂತ ಕೇಳುವ ಬದಲು ‘ಎಷ್ಟು ಡಬ್ಬ’ ಅಂತ ಕೇಳಿದರೆ ಸಾಕು. ನಾವು ಜೂಮ್ ಕಾಲಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತವರೇ ಉತ್ತರಕ್ಕೆ ತಡಕಾಡಬೇಕು. ಹವ್ಯಾಸದ ಪ್ರಶ್ನೆ ಉಲ್ಟಾ. ‘ನಂಗೆಂಥ ಹವ್ಯಾಸ’ ಅಂದುಬಿಟ್ಟರು ಅತ್ತಿಗೆ. ಆದರೆ ಮಳೆಗಾಲದಲ್ಲಿ ಅಂಗಳದ ತುಂಬ ಡೇರೆ ಗಿಡ ನೆಡುವವರು ಅವರೇ, ಸಂಘದ ಮೀಟಿಂಗ್ ತಪ್ಪಿಸದವರೂ ಅವರೇ. ‘ಗಿಡದ ಹತ್ತಿರ ಹೋಗಬೇಕು ಅನ್ನಿಸಲಿಲ್ವಾ, ಸಂಘಕ್ಕೆ ಹೋಗಲಿಲ್ವಾ’ ಅಂತ ಕೇಳಿದಾಗ ಉತ್ತರ ಬಂತು.

ಇನ್ನು ಫಾರ್ಮು ಕೇಳದೇ ಇರುವ ಎರಡು ವಿಷಯ. ಒಂದು, ‘ಹೊರಗೆ’ ಕೂರುವುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮೂರು ದಿನ ಅಡುಗೆ ಮನೆ ಇಲ್ಲ, ದೇವರ ಮನೆ ಇಲ್ಲ, ಮಲಗೋದು ಬೇರೆ. ಅಂಥ ಮನೆಯಲ್ಲಿ ಮುಟ್ಟಿನ ಹಿಂದಿನ ವಾರ ಹೇಗಿರುತ್ತೆ? ಮೂರು ದಿನಕ್ಕೆ ಬೇಕಾದ್ದನ್ನು ಮೊದಲೇ ಮಾಡಿಡುವ ಓಟ. ಹಬ್ಬವೋ ಪೂಜೆಯೋ ಹತ್ತಿರ ಇದ್ದರೆ ‘ಡೇಟು ಬಂದುಬಿಟ್ಟರೆ’ ಅನ್ನುವ ಭಯ ಬೇರೆ. ಈ ಸುಸ್ತು, ಈ ಚಡಪಡಿಕೆ ಹಾರ್ಮೋನಿನದೋ ಮನೆಯ ಕಟ್ಟಳೆಯದೋ? ದಿನಚರಿಯ ಗ್ರಾಫಿನಲ್ಲಿ ಎರಡೂ ಒಂದೇ ಗುಡ್ಡದ ಹಾಗೆ ಕಾಣುತ್ತೆ: ಮುಂಚೆ ಏರು, ಮುಟ್ಟಾದ ಮೇಲೆ ಇಳಿ. ಎರಡು, ಮುಟ್ಟು ಮುಂದೂಡುವ ಮಾತ್ರೆ. ಗೌರಿ ಹಬ್ಬಕ್ಕೆ, ಮದುವೆಗೆ, ಗೃಹಪ್ರವೇಶಕ್ಕೆ ನಾರೆಥಿಸ್ಟೆರೋನ್ ಮಾತ್ರೆ ನುಂಗೋದು ನಮ್ಮಲ್ಲಿ ಮಾಮೂಲು. ಆ ಮಾತ್ರೆಯಿಂದಲೇ ಎದೆನೋವು, ಹೊಟ್ಟೆ ಉಬ್ಬರ, ಮನಸ್ಸಿನ ಏರುಪೇರು ಆಗಬಹುದು. ಋತುಚಕ್ರದ ದಿನಗಳ ಲೆಕ್ಕವೂ ತಪ್ಪುತ್ತೆ. ಕನ್ನಡದ ದಿನಚರಿಯಲ್ಲಿ ‘ಈ ತಿಂಗಳು ಮಾತ್ರೆ ತಗೊಂಡಿರಾ? ಹೊರಗೆ ಕೂತಿರಾ?’ ಅನ್ನುವ ಎರಡು ಸಾಲು ಇಲ್ಲದಿದ್ದರೆ ಅದು ಕನ್ನಡ ಅಕ್ಷರದಲ್ಲಿರುವ ಇಂಗ್ಲಿಷ್ ದಿನಚರಿ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ಎಲ್ಲಾ ಬದಲಿಸುತ್ತಾ ಹೋದರೆ ಕ್ಯೋಟೋದ ಅಂಕಿಗೂ ಕೊಪ್ಪದ ಅಂಕಿಗೂ ಹೋಲಿಕೆ ಹೇಗೆ? ಒಂದೇ ಅಳತೆಗೋಲು ಇರಬೇಕಲ್ಲ? ಒಪ್ತೀನಿ. ಅದಕ್ಕೇ 21 ಲಕ್ಷಣಗಳನ್ನು ಮುಟ್ಟಬೇಡಿ, ಅವುಗಳನ್ನು ಕೇಳುವ ಮಾತು ಮಾತ್ರ ಬದಲಿಸಿ. ಹೊಸ ಎರಡು ಸಾಲನ್ನು ಅಂಕಕ್ಕೆ ಸೇರಿಸಬೇಡಿ, ಪಕ್ಕದಲ್ಲಿಡಿ. ಮೂಲಕ್ಕೆ ನಿಷ್ಠೆ ಅಂದರೆ ಪದಕ್ಕೆ ಪದ ಇಡೋದಲ್ಲ, ಮೂಲ ಯಾವ ನೋವನ್ನು ಹುಡುಕುತ್ತಿತ್ತೋ ಅದನ್ನೇ ಹುಡುಕೋದು. ಇನ್ನೊಂದು ಆಕ್ಷೇಪ ನಮ್ಮಂಥವರದು: ನಮಗೆ ಇಂಗ್ಲಿಷ್ ಬರುತ್ತಲ್ಲ, ಅದರಲ್ಲೇ ತುಂಬಿಸಿದರಾಯ್ತು. ತುಂಬಿಸಬಹುದು. ಆದರೆ ಇಂಗ್ಲಿಷಿನಲ್ಲಿ ‘ಫೈನ್’ ಅಂದು ಫೋನ್ ಇಟ್ಟು, ಆಮೇಲೆ ಅಮ್ಮನಿಗೆ ಫೋನ್ ಮಾಡಿ ‘ಒಂಥರಾ ಆಗ್ತಿದೆ ಅಮ್ಮ’ ಅಂತ ಅಳುವವರೂ ನಾವೇ ತಾನೆ?

ಕನ್ನಡದಲ್ಲಿ ಈ ಧ್ವನಿ ಹೊಸದೇನಲ್ಲ. ನಮ್ಮ ಪಕ್ಕದ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ, ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರ ಆರೋಗ್ಯದ ಪುಸ್ತಕಗಳ ಹೆಸರು ನೋಡಿ: ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’. ಹೆಸರಿನಲ್ಲೇ ಎದುರಿಗೆ ಒಬ್ಬ ಹುಡುಗಿ ಕೂತಿದ್ದಾಳೆ. ಆಮೇಲೆ ಬಂದ ಸರ್ಕಾರಿ ಯೋಜನೆಗೆ ನಾವು ಇಟ್ಟ ಹೆಸರು ‘ಶುಚಿ’. ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುವ ಒಳ್ಳೆಯ ಕೆಲಸವೇ, ಆದರೆ ಹೆಸರಿನಲ್ಲಿ ಹುಡುಗಿ ಇಲ್ಲ, ಕೊಳೆ ಮಾತ್ರ ಇದೆ.

ಈಗ ಈ ಮಾತಿಗೆ ಅವಸರ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು: ತಿಂಗಳಿಗೆ ಒಂದು, ವರ್ಷಕ್ಕೆ 12, ಸಂಬಳ ಸಹಿತ. ಸಂತೋಷ. ಆದರೆ ಜಪಾನಿನಲ್ಲಿ ಇಂಥ ರಜೆ 1947ರಿಂದ ಕಾನೂನಿನಲ್ಲಿದೆ, ಅಲ್ಲಿನ ಸರ್ಕಾರದ ಇತ್ತೀಚಿನ ಸಮೀಕ್ಷೆಗಳ ಪ್ರಕಾರ ಅದನ್ನು ಕೇಳುವವರು ನೂರಕ್ಕೆ ಒಬ್ಬರಿಗಿಂತ ಕಮ್ಮಿ. ಕೇಳೋದಕ್ಕೆ ಬಾಯಿ ಬರಬೇಕು, ಬಾಯಿಗೆ ಮಾತು ಬರಬೇಕು. ಇನ್ನೊಂದು, ಈ ರಜೆಯ ಕಲ್ಪನೆ ಇರೋದು ಮುಟ್ಟಾದ ದಿನದ ಸುತ್ತ. ಪಿಎಂಡಿಡಿ ಇರುವವಳು ಕುಸಿಯುವುದು ಅದರ ಹಿಂದಿನ ವಾರ. ಮುಟ್ಟಾದ ಮೇಲೆ ಅವಳ ಮಂಕು ಸರಿಯುತ್ತೆ, ನೋಡಿದವರು ‘ಚೆನ್ನಾಗೇ ಇದ್ದಾಳಲ್ಲ’ ಅಂತಾರೆ. ಆ ಹಿಂದಿನ ವಾರವನ್ನು ತೋರಿಸಿಕೊಡಲು ಅವಳ ಹತ್ತಿರ ದಿನಚರಿ ಬಿಟ್ಟು ಬೇರೆ ಸಾಕ್ಷಿ ಇಲ್ಲ. ಅದಿದ್ದರೆ ಡಾಕ್ಟರಿಗೆ ದಾರಿ ಸಿಗುತ್ತೆ. ಕೆಲವರಿಗೆ ಆ ಎರಡು ವಾರ ಮಾತ್ರ ಮಾತ್ರೆ ಕೊಟ್ಟರೂ ಸಾಕಾಗುತ್ತೆ. ಆ ದಿನಗಳಲ್ಲಿ ಬದುಕೇ ಬೇಡ ಅನ್ನಿಸುವವರು ಮಾತ್ರ ಎರಡು ತಿಂಗಳ ಲೆಕ್ಕಕ್ಕೆ ಕಾಯಬಾರದು. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ.

ಒಂದು ಫಾರ್ಮಿನ ವಿಮರ್ಶೆಗೆ ಇಷ್ಟು ಉದ್ದ ಬೇಕಿತ್ತಾ ಅಂತ ಕೇಳಬಹುದು. ನಮ್ಮ ಮನೆಗಳಲ್ಲಿ ಹೆಂಗಸರು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೂಲೆಯಲ್ಲಿ ತಿಂಗಳಿಗೊಂದು ಚುಕ್ಕೆ ಇಡುತ್ತಾ ಬಂದಿದ್ದಾರೆ. ಯಾವತ್ತು ಆಯ್ತು ಅನ್ನೋದನ್ನು ಆ ಚುಕ್ಕೆ ಹೇಳುತ್ತೆ, ಹೇಗಿತ್ತು ಅನ್ನೋದನ್ನು ಹೇಳೋದಿಲ್ಲ. ಹೇಗಿತ್ತು ಅಂತ ಬರೆಯಲು ಜಾಗ ಕೊಡುವ ಮೊದಲ ಕಾಗದ ಈ ದಿನಚರಿ. ಅದರ ಕನ್ನಡ ಮಾಡುವವರಿಗೆ ನನ್ನದೊಂದೇ ಬೇಡಿಕೆ. 24 ಸಾಲುಗಳ ಮೇಲೆ ಒಂದು ಖಾಲಿ ಸಾಲು ಬಿಡಿ. ಅಲ್ಲಿ ಅವಳು ‘ಒಂಥರಾ’ ಅಂತ ಬರೆಯಲಿ. ಕೆಳಗಿನ 24 ಸಾಲುಗಳೂ ಸೇರಿ ಅವಳನ್ನು ಒಂದೇ ಪ್ರಶ್ನೆ ಕೇಳಲಿ: ಒಂಥರಾ ಅಂದ್ರೆ, ಎಂಥರಾ?